ಉಗಿಯುವ ಕೆಲಸ

ಮೇಟಗಳ್ಳಿ, ಮೈಸೂರು
5 ಜನವರಿ 2024

ಅಣ್ಣ,

ಜೈ ಭೀಮ್. ನಿನ್ನ ಫೋನನ್ನು ಆ ವ್ಯಸನಮುಕ್ತಿ ಕೇಂದ್ರದವರು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರಂತೆ. ಆರು ತಿಂಗಳು ಮುಗಿಯುವವರೆಗೂ ಕೊಡುವುದಿಲ್ಲವಂತೆ. ಕಾಗದ ಬರೆದರೆ ತಲುಪುತ್ತದೆ, ಅದನ್ನೂ ಅಲ್ಲಿನ ವಿಶ್ವನಾಥ್ ಸರ್ ಓದಿಯೇ ಕೊಡುವುದು ಎಂದು ಸಿದ್ದಪ್ಪಾಜಿ ಮಾವ ಹೇಳಿದರು. ಹಾಗಾದರೆ ಮೊದಲು ವಿಶ್ವನಾಥ್ ಸರ್‌ಗೆ ನಮಸ್ಕಾರ. ಸರ್, ಇದರಲ್ಲಿ ಓದುವಂಥದ್ದೇನೂ ಇಲ್ಲ, ಸುಮ್ಮನೆ ಕಣ್ಣು ನೋಯಿಸಿಕೊಳ್ಳಬೇಡಿ.

ನಾನು ಕೊನೆಯ ಸಲ ಕಾಗದ ಬರೆದದ್ದು ಹೈಸ್ಕೂಲಿನಲ್ಲಿ, ಜ್ವರ ಬಂದಿದೆ ಎಂದು ಸುಳ್ಳು ರಜೆಚೀಟಿ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊ.

ಅವ್ವ ಚೆನ್ನಾಗಿದ್ದಾಳೆ, ಅಂದರೆ ಎದ್ದು ಓಡಾಡುತ್ತಾಳೆ. ಬೆಳಿಗ್ಗೆ ಸ್ಕೂಲಿನ ಬಿಸಿಯೂಟದ ಒಲೆ, ಮಧ್ಯಾಹ್ನ ಮಂಡಿಗೆ ಎಣ್ಣೆ, ಸಂಜೆ ಹೊಸ್ತಿಲು. ಆ ಅಭ್ಯಾಸ ಇನ್ನೂ ಹೋಗಿಲ್ಲ. ಅಪ್ಪ ಇರುವವರೆಗೆ ಅಪ್ಪನನ್ನು, ಆಮೇಲೆ ನಿನ್ನನ್ನು ತಡೆದು ‘ಊದು’ ಎನ್ನಲು ಕೂರುತ್ತಿದ್ದಳಲ್ಲ, ಈಗ ಊದುವವರು ಯಾರೂ ಇಲ್ಲ, ಆದರೂ ಕೂರುತ್ತಾಳೆ. ನಾನು ಬಂದರೆ ಕಾಲು ಮಡಚಿ ದಾರಿ ಬಿಡುತ್ತಾಳೆ.

ನನಗೆ ಹೊಸ ಕೆಲಸ ಸಿಕ್ಕಿದೆ. ಇಲ್ಲಿನ ಫ್ಯಾಕ್ಟರಿ ಮುಚ್ಚಿದ ಮೇಲೆ ಮನೆಯಲ್ಲಿ ಕೂತು ಕೂತು ಗೋಡೆ ಜೊತೆ ಮಾತಾಡುವ ಹಾಗಾಗಿತ್ತು. ನಂಜನಗೂಡು ರಸ್ತೆಯಲ್ಲಿ ಕಡಕೊಳ ದಾಟಿದ ಮೇಲೆ ಒಂದು ದ್ರಾಕ್ಷಿ ರಸದ ಫ್ಯಾಕ್ಟರಿ ಇದೆ. ತೋಟ ನೋಡಲು ಬರುವವರಿಗೆ ರಸದ ರುಚಿ ತೋರಿಸುವುದು ನನ್ನ ಕೆಲಸ. ಹೊಸ ಬಾಟಲು ತೆಗೆದಾಗಲೆಲ್ಲ ಮೊದಲು ನಾನು ಬಾಯಿಗೆ ಹಾಕಿ, ಕೆಟ್ಟಿಲ್ಲವೆಂದು ನೋಡಿ, ಉಗಿಯಬೇಕು. ದಿನವೆಲ್ಲ ನಿಲ್ಲಬೇಕು, ಬಸ್ಸು ಬದಲಿಸಿ ಹೋಗಬೇಕು. ಮನೆಗೆ ಬರುವ ಹೊತ್ತಿಗೆ ಕಾಲು ನನ್ನದಲ್ಲ ಅನ್ನಿಸುತ್ತದೆ. ಉಳಿದಂತೆ ಪರವಾಗಿಲ್ಲ.

ನೀನು ಏಪ್ರಿಲ್‌ನಲ್ಲಿ ಹೊರಗೆ ಬಂದು ಒಂದೆರಡು ತಿಂಗಳು ಹಾಗೇ ಇದ್ದರೆ, ಜೂನ್‌ನಲ್ಲಿ ತಮ್ಮ ಗೂಡ್ಸ್ ಆಟೋ ನಿನಗೇ ಬಿಟ್ಟುಕೊಡುವುದಾಗಿ ಮಾವ ಹೇಳಿದ್ದಾರೆ. ಅವರಿಗೂ ಬೆನ್ನು ಹಿಡಿದುಕೊಂಡಿದೆ. ಅವ್ವ ದಿನಾ ಅದನ್ನೇ ಆಡುತ್ತಾಳೆ. ಬೇಗ ಸರಿಹೋಗಿ ಬಾ.

ತಂಗಿ
ಸುಮಾ


ಚಿತ್ರದುರ್ಗ
16 ಜನವರಿ 2024

ಸುಮಾ,

ನಿನ್ನ ಕಾಗದವನ್ನು ವಿಶ್ವನಾಥ್ ಸರ್ ನಗುತ್ತಾ ಕೊಟ್ಟರು. ಕಣ್ಣು ನೋಯಲಿಲ್ಲವಂತೆ.

ಅಲ್ಲಮ್ಮ, ಯಾವ ಊರಿನಲ್ಲಿ ಜ್ಯೂಸ್ ಬಾಯಿಗೆ ಹಾಕಿ ಉಗಿಯುತ್ತಾರೆ? ಹದಿನಾಲ್ಕು ವರ್ಷ ಕುಡಿದವನಿಗೆ ಜ್ಯೂಸಿನ ಕಥೆ ಹೇಳುತ್ತೀಯಲ್ಲ. ವೈನ್ ಎಂದು ಬರೆದರೆ ಬಾಯಲ್ಲಿ ನೀರೂರಿ ಗೋಡೆ ಹಾರಿ ಬರುತ್ತಾನೆ ಎಂದುಕೊಂಡೆಯಾ? ಇಲ್ಲಿನ ಗೋಡೆ ಎತ್ತರ ಇದೆ, ಹೆದರಬೇಡ. ಕೆಲಸ ಕೆಲಸವೇ. ನೀನು ಉಗಿಯುತ್ತಿದ್ದೀಯ, ಕುಡಿಯುತ್ತಿಲ್ಲ. ಆದರೆ ಅವ್ವನಿಗೂ ಜ್ಯೂಸ್ ಎಂದೇ ಹೇಳಿದ್ದೀಯಾ? ಪ್ರತಿ ಹುಣ್ಣಿಮೆಗೆ ಬುದ್ಧ ವಿಹಾರದಲ್ಲಿ ಪಂಚಶೀಲ ಹೇಳಿ, ಅಮಲಿನದನ್ನು ಮುಟ್ಟುವುದಿಲ್ಲ ಎನ್ನುವ ಐದನೆಯದು ಬಂದಾಗ ನನ್ನ ಕಡೆ ತಿರುಗಿ ಗಟ್ಟಿಯಾಗಿ ಹೇಳುವವಳು ಅವಳು. ನೋಡಿಕೊ.

ಇಲ್ಲಿ ಬೆಳಿಗ್ಗೆ ಐದಕ್ಕೆ ಎಬ್ಬಿಸಿ ಕಸರತ್ತು ಮಾಡಿಸುತ್ತಾರೆ. ಆಮೇಲೆ ತೋಟಕ್ಕೆ ನೀರು. ಆಮೇಲೆ ಎಲ್ಲರೂ ಸುತ್ತ ಕೂತು ತಮ್ಮ ತಮ್ಮ ಕಥೆ ಹೇಳಬೇಕು. ಎಲ್ಲರದೂ ಒಂದೇ ಕಥೆ ಕಣಮ್ಮ. ಹೆಂಡತಿ ಹೋದಳು, ಕೆಲಸ ಹೋಯಿತು, ಅಮ್ಮ ಅತ್ತಳು. ಮೊದಲು ಕೇಳುವಾಗ ನನಗೂ ಅಳು ಬರುತ್ತಿತ್ತು, ಈಗ ಆಕಳಿಕೆ ಬರುತ್ತದೆ. ದೇಹಕ್ಕೆ ಏನೂ ಆಗಿಲ್ಲ, ಊಟ ಸೇರುತ್ತದೆ. ಆದರೂ ಒಂದು ಥರದ ಆಯಾಸ, ಮಲಗಿದರೆ ಹೋಗುವಂಥದ್ದಲ್ಲ.

ಅಲ್ಲಿ ಏನು ನಡೆಯುತ್ತದೆ ಬರೆ. ರುಚಿ ವಿಚಾರ ಬರೆಯಬೇಡ, ಸರ್ ಮಸಿ ಬಳಿದುಬಿಡುತ್ತಾರೆ. ಜನರ ವಿಚಾರ ಬರೆ. ಮನುಷ್ಯರನ್ನು ನೋಡಿ ಬಹಳ ದಿನ ಆಯಿತು, ಇಲ್ಲಿರುವವರೆಲ್ಲ ನನ್ನ ಥರದವರೇ.

ಶಿವರಾಮು


ಮೇಟಗಳ್ಳಿ
28 ಜನವರಿ 2024

ಅಣ್ಣ,

ಆಯ್ತಪ್ಪ, ಸಿಕ್ಕಿಬಿದ್ದೆ. ವೈನೇ. ಅವ್ವನಿಗೆ ಮಾತ್ರ ಅದು ಜ್ಯೂಸ್, ನೀನು ಬಂದ ಮೇಲೂ ಜ್ಯೂಸೇ. ನಿನ್ನ ಬಾಯಿ ಭದ್ರ.

ಜನರ ವಿಚಾರ ಕೇಳಿದೆಯಲ್ಲ, ಕೇಳು. ಮೊದಲು ದ್ರಾಕ್ಷಿ ಸಾಲುಗಳ ಮಧ್ಯೆ ನಡೆಸುತ್ತೇವೆ. ಅಲ್ಲಿ ಎಲ್ಲರೂ ಫೋಟೋ ತೆಗೆದುಕೊಳ್ಳುತ್ತಾರೆ. ಆಮೇಲೆ ದೊಡ್ಡ ದೊಡ್ಡ ಸ್ಟೀಲ್ ಟ್ಯಾಂಕು, ಆಮೇಲೆ ನೆಲಮಾಳಿಗೆಯಲ್ಲಿ ಮರದ ಪೀಪಾಯಿಗಳು. ಅಲ್ಲಿ ಎಲ್ಲರೂ ದೇವಸ್ಥಾನಕ್ಕೆ ಬಂದ ಹಾಗೆ ಪಿಸುಗುಡುತ್ತಾರೆ, ಯಾಕೋ ಗೊತ್ತಿಲ್ಲ. ಕೊನೆಗೆ ನನ್ನ ಮೇಜು. ಮೊದಲು ಬಿಳಿ, ನಡುವೆ ಗುಲಾಬಿ ಬಣ್ಣದ್ದು, ಕೊನೆಗೆ ಕೆಂಪು. ಗ್ಲಾಸು ಹೀಗೆ ತಿರುಗಿಸಿ, ಮೂಸಿ ನೋಡಿ, ಸ್ವಲ್ಪ ಬಾಯಿಗೆ ಹಾಕಿ, ಬೇಡವೆಂದರೆ ಈ ಪಾತ್ರೆಗೆ ಉಗಿಯಿರಿ ಎಂದು ಹೇಳಿಕೊಡಬೇಕು. ಇದರಲ್ಲಿ ಯಾವ ಯಾವ ಹಣ್ಣಿನ ವಾಸನೆ ಬರುತ್ತದೆ ಎಂದು ಮ್ಯಾನೇಜರ್ ಯೋಗೇಂದ್ರ ಸರ್ ಕೊಟ್ಟದ್ದನ್ನು ಬಾಯಿಪಾಠ ಒಪ್ಪಿಸುತ್ತೇನೆ. ಬಂದವರೆಲ್ಲ ಹೌದು ಹೌದು ಬರುತ್ತದೆ ಎನ್ನುತ್ತಾರೆ. ಒಂದು ದಿನ ಮರೆತು ಬಿಳಿಯದರ ಪಾಠವನ್ನು ಕೆಂಪಿಗೆ ಒಪ್ಪಿಸಿಬಿಟ್ಟೆ. ಅದಕ್ಕೂ ಹೌದು ಎಂದರು.

ಹೋದ ವಾರ ನಂಜನಗೂಡಿಗೆ ಹೋಗಿ ದೇವರ ದರ್ಶನ ಮಾಡಿಕೊಂಡು ಬಂದ ಒಂದು ಸಂಸಾರ. ಮಗ ಸೊಸೆ ಏನೋ ದೊಡ್ಡ ಕೆಲಸದವರು, ಜೊತೆಗೆ ಊರಿನಿಂದ ಬಂದ ಅಜ್ಜಿ. ನಾನು ಗ್ಲಾಸು ಕೊಟ್ಟರೆ ಅಜ್ಜಿ ಮುಟ್ಟಲಿಲ್ಲ. ಬಲಗೈ ಬೊಗಸೆ ಮಾಡಿ ಮುಂದೆ ಒಡ್ಡಿದರು. ಏನು ಮಾಡಲಿ, ಬಿಟ್ಟೆ. ಕಣ್ಣು ಮುಚ್ಚಿ ತೀರ್ಥದ ಹಾಗೆ ಕುಡಿದು ಕೈಯನ್ನು ತಲೆಗೆ ಒರೆಸಿಕೊಂಡರು. ಮಗ ಸೊಸೆ ನೆಲ ನೋಡುತ್ತಿದ್ದರು. ಅಜ್ಜಿ ಮತ್ತೆ ಕೈ ಒಡ್ಡಿ, ‘ಚೆಂದಾಗದೆ ಕಣವ್ವ, ಇನ್ನೊಸಿ ಬುಡು’ ಎಂದರು. ಆ ದಿನವೆಲ್ಲ ನೆನೆಸಿಕೊಂಡು ನಕ್ಕೆ.

ಉಗಿಯಿರಿ ಎಂದರೆ ಯಾರೂ ಉಗಿಯುವುದಿಲ್ಲ. ದುಡ್ಡು ಕೊಟ್ಟು ಬಂದವರು ಯಾಕೆ ಉಗಿಯುತ್ತಾರೆ? ಆ ಪಾತ್ರೆ ಇರುವುದು ನನ್ನೊಬ್ಬಳಿಗೆ. ಸಂಜೆ ತೆರೆದ ಬಾಟಲಿಗಳಲ್ಲಿ ಉಳಿದದ್ದನ್ನು ಸಿಂಕಿಗೆ ಸುರಿಯಬೇಕು, ಮಾರನೆಯ ದಿನ ಕೊಡುವಂತಿಲ್ಲ. ಒಂದಗುಳು ಅನ್ನ ಬಿದ್ದರೂ ಎತ್ತಿ ತಿನ್ನು ಎನ್ನುವ ಮನೆಯಲ್ಲಿ ಬೆಳೆದವಳು, ನೋಡಿದರೆ ಹೊಟ್ಟೆ ಉರಿಯುತ್ತದೆ. ಶನಿವಾರ ಭಾನುವಾರ ಒಂದು ಗುಂಪು ಹೋಗುವ ಮೊದಲೇ ಇನ್ನೊಂದು. ನಗಬೇಕು, ಒಪ್ಪಿಸಬೇಕು, ಸುರಿಯಬೇಕು, ನಗಬೇಕು. ಒಂದೊಂದು ದಿನ ಉಗಿಯುವುದಕ್ಕೂ ಸುಸ್ತು.

ಸುಮಾ


ಚಿತ್ರದುರ್ಗ
9 ಫೆಬ್ರವರಿ 2024

ಸುಮಾ,

ಅಜ್ಜಿಯ ಕಥೆಯನ್ನು ಸುತ್ತ ಕೂತಾಗ ಎಲ್ಲರಿಗೂ ಹೇಳಿದೆ. ವಿಶ್ವನಾಥ್ ಸರ್ ಬೈಯುತ್ತಾರೆ ಎಂದುಕೊಂಡರೆ ಅವರೇ ಎಲ್ಲರಿಗಿಂತ ಜೋರಾಗಿ ನಕ್ಕರು.

ಕೊನೆಯ ಸಾಲನ್ನು ಮಾತ್ರ ನಾನು ಯಾರಿಗೂ ಹೇಳಲಿಲ್ಲ. ಉಗಿಯುವುದಕ್ಕೂ ಸುಸ್ತು ಎಂದು ಬರೆದಿದ್ದೀಯ. ಅದನ್ನು ಮತ್ತೆ ಮತ್ತೆ ಓದಿದೆ. ಸುಮ್ಮನೆ ಬರೆದ ಮಾತು ಇರಬಹುದು. ನನ್ನದು ಶುರುವಾದದ್ದು ಹೇಗೆ ಗೊತ್ತಾ? ಎಲ್ಲರೂ ಸ್ನೇಹಿತರು ಕೆಡಿಸಿದರು ಎಂದುಕೊಂಡಿದ್ದಾರೆ. ಯಾವ ಸ್ನೇಹಿತರೂ ಇರಲಿಲ್ಲ. ಮಂಡಿ ಮೊಹಲ್ಲಾದಲ್ಲಿ ದಿನವೆಲ್ಲ ಮೂಟೆ ಹೊತ್ತು ಇಳಿಸಿ, ಸಂಜೆ ಹೊತ್ತಿಗೆ ಮನೆಗೆ ನಡೆಯಲೂ ಆಗದಷ್ಟು ಸುಸ್ತಾಗುತ್ತಿತ್ತು. ಒಂದು ಕ್ವಾರ್ಟರ್ ಹಾಕಿದರೆ ನಡೆಯಲು ಆಗುತ್ತಿತ್ತು. ಅಷ್ಟೇ. ಮಜಾ ಮಾಡಲು ಯಾರೂ ಕುಡುಕರಾಗುವುದಿಲ್ಲ ಕಣಮ್ಮ.

ಎಷ್ಟೇ ಸುಸ್ತಾಗಲಿ, ಉಗಿದುಬಿಡು. ನೀನು ಹಾಗಲ್ಲ ಎಂದು ಗೊತ್ತು. ಆದರೂ ಒಂದು ಸಾಲು ಬರೆ, ನನಗೆ ಸಮಾಧಾನ.

ಶಿವರಾಮು


ಮೇಟಗಳ್ಳಿ
24 ಮಾರ್ಚ್ 2024

ಅಣ್ಣ,

ತಡವಾಯಿತು. ದ್ರಾಕ್ಷಿ ಕೊಯ್ಲು, ಜನವೋ ಜನ. ದ್ರಾಕ್ಷಿಯನ್ನು ಕಾಲಿನಲ್ಲಿ ತುಳಿಯಲು ಬೆಂಗಳೂರಿನಿಂದ ಕಾರು ಮಾಡಿಕೊಂಡು ಬರುತ್ತಾರೆ. ತುಳಿಯುವುದು ಅವರು, ತೊಟ್ಟಿ ತೊಳೆಯುವುದು ನಾವು.

ನೀನು ಏಪ್ರಿಲ್ ಹನ್ನೆರಡಕ್ಕೆ ಬರುತ್ತೀಯ ಎಂದು ಮಾವ ಹೇಳಿದರು. ಅವ್ವ ಆಗಲೇ ನಿನ್ನ ಶರಟುಗಳನ್ನು ಒಗೆದಿಟ್ಟಿದ್ದಾಳೆ. ಇನ್ನೊಂದು ಸುದ್ದಿ. ಪಕ್ಕದ ಬೀದಿಯ ಸರೋಜಮ್ಮ ನನಗೊಂದು ಸಂಬಂಧ ತಂದಿದ್ದಾರೆ. ಚಾಮರಾಜನಗರದ ಕಡೆಯವರು, ಹುಡುಗನ ಹೆಸರು ವಸಂತ್, ವಿಹಾರಕ್ಕೆ ಬರುವ ಸಂಸಾರ. ಜೂನ್‌ನಲ್ಲಿ ನೋಡಲು ಬರುತ್ತಾರಂತೆ. ಹಿಂದೆ ಬಂದವರೆಲ್ಲ ನಿನ್ನ ವಿಚಾರ ಕೇಳಿ ಹಿಂದೆ ಸರಿದರಲ್ಲ, ಈ ಸಲ ಸರೋಜಮ್ಮನೇ ಎಲ್ಲ ಹೇಳಿ ಒಪ್ಪಿಸಿದ್ದಾರೆ. ಅವ್ವನ ಮುಖದಲ್ಲಿ ಬೆಳಕು ನೋಡಿ ಎಷ್ಟು ಕಾಲವಾಗಿತ್ತು.

ನೀನು ಕೇಳಿದ್ದಕ್ಕೆ ಎಲ್ಲ ಸರಿ ಇದೆ. ಈಗೀಗ ನಿದ್ದೆಯೂ ಚೆನ್ನಾಗಿ ಬರುತ್ತದೆ.

ಸುಮಾ


ಮೇಟಗಳ್ಳಿ
26 ಮೇ 2024

ಅಣ್ಣ,

ಮತ್ತೆ ಅದೇ ವಿಳಾಸ ಬರೆಯಬೇಕಾಗಿ ಬರುತ್ತದೆ ಎಂದು ಅಂದುಕೊಂಡಿರಲಿಲ್ಲ.

ಬುಧವಾರ ಕೆಲಸ ಮುಗಿಸಿ ಬಂದರೆ ಮನೆಯಲ್ಲಿ ನೀನಿರಲಿಲ್ಲ. ಬುದ್ಧ ಪೂರ್ಣಿಮೆಗೆ ಮನೆ ಸಾರಿಸಲು ಅಟ್ಟದ ಸಾಮಾನು ಇಳಿಸುವಾಗ ರಾಗಿ ಡ್ರಮ್ಮಿನ ಹಿಂದೆ ಬಾಟಲು ಸಿಕ್ಕಿತು, ನಿನ್ನನ್ನು ಕೇಳಿದ್ದಕ್ಕೆ ನಿನ್ನದೇ ಎಂದು ಒಪ್ಪಿಕೊಂಡೆ, ಮಾವ ಆಟೋದಲ್ಲಿ ಕೂರಿಸಿಕೊಂಡು ಬಸ್‌ಸ್ಟ್ಯಾಂಡಿಗೆ ಹೋದರು ಎಂದು ಅವ್ವ ಹೇಳಿದಳು. ಹೇಳುವಾಗ ಅಳಲಿಲ್ಲ. ಅಕ್ಕಿ ಆರಿಸುತ್ತಾ ಹೇಳಿದಳು.

ಏನು ಬರೆಯಬೇಕೋ ತಿಳಿಯುತ್ತಿಲ್ಲ. ಹೀಗಾಗಬಾರದಿತ್ತು. ಎಲ್ಲರಿಗೂ ಒಂದಲ್ಲ ಒಂದು ಸಲ ಕಾಲು ಜಾರುತ್ತದೆ. ನನಗೆ ನಿನ್ನ ಮೇಲೆ ಕೋಪವಿಲ್ಲ. ಅಲ್ಲಿ ಚೆನ್ನಾಗಿ ನೋಡಿಕೊಳ್ಳುತ್ತಾರಲ್ಲ, ಊಟ ನಿದ್ದೆ ಎಲ್ಲ ಇದೆಯಲ್ಲ. ಇನ್ನೊಂದು ಸ್ವಲ್ಪ ದಿನ ಇದ್ದು ಬಾ. ಆಟೋವನ್ನು ಮಾವ ಸದ್ಯಕ್ಕೆ ಬೇರೆಯವರಿಗೆ ಕೊಟ್ಟಿದ್ದಾರೆ, ನೀನು ಬಂದ ಮೇಲೆ ಕೇಳಿದರಾಯಿತು.

ಸರೋಜಮ್ಮ ಬಂದಿದ್ದರು. ಅಣ್ಣನ ವಿಚಾರ ಗಂಡಿನವರಿಗೆ ಮೊದಲೇ ಗೊತ್ತಲ್ಲ, ಹುಡುಗಿ ಚೆನ್ನಾಗಿದ್ದರೆ ಸಾಕು ಎನ್ನುತ್ತಾರೆ ಬಿಡಿ ಎಂದು ಧೈರ್ಯ ಹೇಳಿ ಹೋದರು.

ಆರೋಗ್ಯ ನೋಡಿಕೊ.

ಸುಮಾ


ಚಿತ್ರದುರ್ಗ
8 ಜೂನ್ 2024

ಸುಮಾ,

ನಿನ್ನ ಕಾಗದ ಬಂತು. ಕೋಪವಿಲ್ಲ ಎಂದು ಬರೆದಿದ್ದೀಯ. ಓದಿ, ಅಡಿಗೆಮನೆಗೆ ಹೋಗಿ ಒಂದು ಮಂಕರಿ ಈರುಳ್ಳಿ ಹೆಚ್ಚಿದೆ. ಅಲ್ಲಾದರೆ ಕಣ್ಣಲ್ಲಿ ನೀರು ಬಂದರೆ ಯಾರೂ ಯಾಕೆ ಎಂದು ಕೇಳುವುದಿಲ್ಲ.

ಆ ಬಾಟಲು ನನ್ನದಲ್ಲ. ಅದು ನಿನಗೂ ಗೊತ್ತು. ಗೊತ್ತಿದ್ದೂ ಹಾಗೆ ಬರೆದೆಯಲ್ಲ, ಅದು ನನಗೆ ನೋವಾಯಿತು. ಬಸ್ಸು ಹತ್ತಿಸಿದ್ದಕ್ಕೂ ಅಷ್ಟು ನೋವಾಗಿರಲಿಲ್ಲ.

ನನ್ನ ಕಾಗದಗಳನ್ನು ವಿಶ್ವನಾಥ್ ಸರ್ ಈಗ ಓದುವುದಿಲ್ಲ. ನಾನಿಲ್ಲಿ ರೋಗಿಯಲ್ಲ, ಅಡಿಗೆಯವನು. ಬಂದ ದಿನ ಮಷೀನಿಗೆ ಊದಿಸಿದರು, ಸೊನ್ನೆ. ರಕ್ತ ತೆಗೆದರು, ಅದರಲ್ಲೂ ಏನಿಲ್ಲ. ‘ಯಾಕಪ್ಪ ಬಂದೆ ಹಾಗಾದ್ರೆ?’ ಅಂದರು. ‘ಸ್ವಲ್ಪ ದಿನ ಇರ್ತೀನಿ ಸರ್, ಅಡಿಗೆ ಮಾಡ್ತೀನಿ’ ಅಂದೆ. ಅಡಿಗೆಮನೆಯ ಬೀಗದ ಕೈ ಕೊಟ್ಟರು.

ಮೇ ತಿಂಗಳ ಆ ಶನಿವಾರ ನಾನು ನಿನ್ನ ವೈನರಿಗೆ ಬಂದೆನಲ್ಲ, ಅದರ ಬಗ್ಗೆ ನಾವಿಬ್ಬರೂ ಮನೆಯಲ್ಲಿ ಒಂದು ಮಾತೂ ಆಡಲಿಲ್ಲ. ನಿನ್ನನ್ನು ಹಿಡಿಯಲು ಬಂದೆ ಎಂದುಕೊಂಡಿರಬೇಕು ನೀನು. ಇಲ್ಲ. ಜೂನ್‌ನಿಂದ ಆಟೋ ಓಡಿಸಬೇಕು, ಓಡಿಸಿದರೆ ಮಂಡಿ ಮೊಹಲ್ಲಾಕ್ಕೇ ಹೋಗಬೇಕು, ಅಲ್ಲಿ ಮೂಲೆಮೂಲೆಗೂ ನನ್ನ ಹಳೆಯ ಅಂಗಡಿಗಳು. ಗ್ಲಾಸು ಎದುರಿಗಿದ್ದಾಗ ನಿಲ್ಲುತ್ತೇನೋ ಬೀಳುತ್ತೇನೋ ನೋಡಿಬಿಡೋಣ ಅನ್ನಿಸಿತು. ಬಿದ್ದರೆ ಹಿಡಿಯಲು ನೀನಿದ್ದೀಯಲ್ಲ ಎಂಬ ಧೈರ್ಯ. ಮೂರ್ಖತನ, ವಿಶ್ವನಾಥ್ ಸರ್‌ಗೆ ಹೇಳಿದರೆ ಹೊಡೆಯುತ್ತಾರೆ.

ಊಟಿಗೆ ಹೊರಟ ಎರಡು ಜೋಡಿ, ಒಬ್ಬರು ರಿಟೈರಾದ ಬ್ಯಾಂಕಿನವರು, ನಾನು. ಮೇಲೆ ಬಿಸಿಲಿನಲ್ಲಿ ಚೆನ್ನಾಗಿಯೇ ಇದ್ದೆ. ನೆಲಮಾಳಿಗೆಗೆ ಇಳಿದಾಗ ಆ ತಣ್ಣನೆಯ ವಾಸನೆ ಮೂಗಿಗೆ ಹೊಡೆಯಿತು. ಗೋಡೆ ಹಿಡಿದುಕೊಂಡೆ. ಅಲ್ಲಿಂದ ಓಡಿಹೋಗಿದ್ದರೆ ಚೆನ್ನಾಗಿತ್ತು. ಮೇಲೆ ಬಂದರೆ ನೀನು, ಬಿಳಿ ಶರಟು, ಕಪ್ಪು ಏಪ್ರನ್. ನನ್ನನ್ನು ನೋಡಿದೆ, ಮುಖ ಒಂದು ಸಲ ಬೆಳ್ಳಗಾಯಿತು, ಆಮೇಲೆ ‘ವೆಲ್ಕಮ್ ಸರ್’ ಎಂದೆ. ನನ್ನ ಜನ್ಮದಲ್ಲಿ ನನ್ನನ್ನು ಸರ್ ಎಂದವರು ಇಬ್ಬರು. ಹಿಂದೊಮ್ಮೆ ಕುಡಿದು ಬಿದ್ದಾಗ ‘ಏಳಿ ಸರ್’ ಎಂದು ಅಣಕಿಸಿದ ಪೊಲೀಸಿನವನು, ಮತ್ತೆ ನೀನು.

ನೀನು ನಾಲ್ಕು ಸಲ ನನ್ನ ಗ್ಲಾಸಿಗೆ ಬಿಟ್ಟೆ. ನೀನು ಹೇಳಿಕೊಟ್ಟ ಹಾಗೆ ನಾನು ತಿರುಗಿಸಿದೆ, ಮೂಸಿದೆ, ಪಾತ್ರೆಗೆ ಸುರಿದೆ. ಬ್ಯಾಂಕಿನವರು ‘ಯಾಕ್ರೀ ವೇಸ್ಟ್ ಮಾಡ್ತೀರಾ, ಇಲ್ಲಿ ಕೊಡಿ’ ಎಂದು ಕೊನೆಯದನ್ನು ಇಸಿದುಕೊಂಡರು. ಅಷ್ಟೂ ಹೊತ್ತು ನನಗೆ ಬೇಕು ಬೇಕು ಅನ್ನಿಸುತ್ತಿತ್ತು. ಬೇಡ ಅನ್ನಿಸಿತು ಎಂದು ಸುಳ್ಳು ಹೇಳುವುದಿಲ್ಲ. ಆದರೆ ನಿಂತೆ.

ಕುಡುಕ ಗ್ಲಾಸು ನೋಡುವುದಿಲ್ಲ ಸುಮಾ, ಗಂಟಲು ನೋಡುತ್ತಾನೆ. ನೀನು ಬಿಳಿ ಬಾಟಲು ತೆಗೆದು ಬಾಯಿಗೆ ಹಾಕಿ ಉಗಿದೆ. ಗುಲಾಬಿಯದನ್ನೂ ಉಗಿದೆ. ಕೆಂಪು ತೆಗೆದಾಗ ಗೋಡೆ ಕಡೆ ತಿರುಗಿದೆ, ಪಾತ್ರೆಗೆ ಬಗ್ಗಿದೆ, ಆದರೆ ನಿನ್ನ ಗಂಟಲು ಆಡಿತು. ಇನ್ನೊಂದು ಕೆಂಪಿಗೂ ಹಾಗೇ. ನಾನು ಬಿಟ್ಟು ಬಂದದ್ದನ್ನು ನೀನು ಹಿಡಿದುಕೊಂಡಿದ್ದೀಯ ಎಂದು ಅಲ್ಲೇ ತಿಳಿಯಿತು. ಆಮೇಲೆ ಮನೆಯಲ್ಲಿ ಲವಂಗದ ಡಬ್ಬಿ ಬೇಗ ಬೇಗ ಖಾಲಿಯಾಗುವುದನ್ನೂ ನೋಡಿದೆ. ಆ ಉಪಾಯ ನನ್ನದೇ ಅಲ್ಲವೇ.

ಬುಧವಾರ ಅವ್ವ ಸ್ಟೂಲು ಹತ್ತಿದ್ದಳು, ನಾನು ಹಿಡಿದುಕೊಂಡಿದ್ದೆ. ಲೇಬಲ್ ಕಿತ್ತ ಬಾಟಲು, ತಳದಲ್ಲಿ ಸ್ವಲ್ಪ ಕೆಂಪು. ಅವ್ವ ಇಳಿದು ಬಂದು ನನ್ನ ಮುಂದೆ ನಿಂತು ‘ಊದು’ ಅಂದಳು. ಊದಿದೆ. ತುಂಬಾ ಹೊತ್ತು ನನ್ನ ಮುಖ ನೋಡಿದಳು. ‘ನಿಂದಾ?’ ಅಂದಳು. ‘ಊಂ ಕಣವ್ವ, ನಂದೇ’ ಅಂದೆ. ನನ್ನ ಬಾಯಲ್ಲಿ ವಾಸನೆ ಇರಲಿಲ್ಲ. ಆದರೂ ಅವ್ವ ನಂಬಿದಳು. ಹದಿನಾಲ್ಕು ವರ್ಷ ಆ ವಾಸನೆ ಉಂಡವಳಿಗೆ ಇಲ್ಲದಿದ್ದರೂ ಬಂದ ಹಾಗಾಗುತ್ತದೆ, ಅವಳ ತಪ್ಪಲ್ಲ.

ದೊಡ್ಡತನದಿಂದ ಹಾಗೆ ಹೇಳಲಿಲ್ಲ. ನಿನ್ನನ್ನು ನೋಡಲು ಬರುವವರಿದ್ದರು, ಅದೊಂದು. ಇನ್ನೊಂದು, ನನಗೂ ಸಾಕಾಗಿತ್ತು. ಬಚ್ಚಲಿಗೆ ಹೋದರೆ ಅವ್ವನ ಕಣ್ಣು, ಬೀದಿಗೆ ಹೋದರೆ ಮಾವನ ಕಣ್ಣು. ಕುಡಿಯದೆ ಇರುವುದೇ ಕಷ್ಟ, ಕುಡಿಯುತ್ತಿಲ್ಲ ಎಂದು ದಿನಾ ತೋರಿಸುವುದು ಅದಕ್ಕಿಂತ ಕಷ್ಟ. ಇಲ್ಲಿ ಯಾರೂ ನನ್ನನ್ನು ನೋಡುವುದಿಲ್ಲ, ಸಾರಿಗೆ ಉಪ್ಪು ಸರಿ ಇದೆಯಾ ಎಂದಷ್ಟೇ ನೋಡುತ್ತಾರೆ.

ನಾನು ಕೇಳುವುದು ಒಂದೇ. ನೀನೇ ಅವ್ವನಿಗೆ ಹೇಳು. ನನ್ನ ಹೆಸರು ಉಳಿಸಲು ಅಲ್ಲ, ಅದು ಎಂದೋ ಹೋಗಿದೆ. ನಿನ್ನದಿನ್ನೂ ಹೊಸತು, ಈಗ ಹೇಳಿದರೆ ಬಿಡಿಸಬಹುದು. ನನಗೆ ಬೇಗ ಹೇಳುವವರು ಯಾರೂ ಇರಲಿಲ್ಲ.

ಅಣ್ಣ
ಶಿವರಾಮು


ಚಿತ್ರದುರ್ಗ
5 ಜುಲೈ 2024

ಸುಮಾ,

ಕಾರ್ಡಿನಲ್ಲಿ ಬರೆಯುತ್ತಿದ್ದೇನೆ, ಯಾರು ಬೇಕಾದರೂ ಓದಬಹುದು. ಇಲ್ಲಿ ಮಳೆ ಬಂತು. ಅಡಿಗೆಗೆ ದೊಡ್ಡ ಕುಕ್ಕರು ತಂದಿದ್ದಾರೆ. ನಿನ್ನಿಂದ ಕಾಗದ ಬಂದಿಲ್ಲ. ಅವ್ವನ ಮಂಡಿ ಹೇಗಿದೆ?

ಶಿವರಾಮು


ಮೇಟಗಳ್ಳಿ
24 ಜುಲೈ 2024

ಅಣ್ಣ,

ನಿನಗೆ ಬರೆಯಲು ಎಷ್ಟು ಸಲ ಕೂತೆನೋ. ಪ್ರತಿ ಸಲವೂ ನಾನು ನಿನ್ನ ಥರ ಅಲ್ಲ ಎಂದು ತೋರಿಸುವ ಕಾಗದವೇ ಆಗುತ್ತಿತ್ತು. ಕೆಲಸ ಅಂಥದ್ದು, ಚೆಲ್ಲಲು ಮನಸ್ಸು ಬರಲಿಲ್ಲ, ನಾಳೆಯಿಂದ ಬಿಡುತ್ತೇನೆ. ಬರೆದದ್ದನ್ನೆಲ್ಲ ಒಲೆಗೆ ಹಾಕಿದೆ.

ನೀನು ನೋಡಿದ್ದು ನಿಜ. ಸಂಜೆ ಸಿಂಕಿಗೆ ಸುರಿಯುವುದನ್ನು ಮೊದಲು ಒಂದು ಗುಟುಕು ಕುಡಿದೆ. ಕಾಲುನೋವು ಹೋಯಿತು, ಬಸ್ಸಿನಲ್ಲಿ ನಿಂತು ಬರಲು ಆಯಿತು. ಆಮೇಲೆ ಸಂಜೆಯವರೆಗೆ ಕಾಯಲು ಆಗಲಿಲ್ಲ. ಉಳಿದ ಬಾಟಲನ್ನು ಲೇಬಲ್ ಕಿತ್ತು ಮನೆಗೂ ತಂದೆ. ವಸಂತ್ ಕಡೆಯವರು ನೋಡಲು ಬಂದ ದಿನವೂ ಕಾಫಿ ಕೊಡುವ ಮೊದಲು ಎರಡು ಗುಟುಕು ಹಾಕಿಕೊಂಡು ಲವಂಗ ಜಗಿದೆ. ಹುಡುಗಿ ಶಾಂತ ಸ್ವಭಾವದವಳು ಎಂದು ಮೆಚ್ಚಿಕೊಂಡು ಹೋದರು. ನೀನು ಚಿತ್ರದುರ್ಗದಲ್ಲಿ ಈರುಳ್ಳಿ ಹೆಚ್ಚುತ್ತಿದ್ದೆ, ನಾನಿಲ್ಲಿ ಶಾಂತ ಸ್ವಭಾವದವಳಾಗಿದ್ದೆ. ನನ್ನ ಮೇಲೆ ನನಗೆ ಹೇಸಿಗೆಯಾಯಿತು ಅಣ್ಣ.

ಭಾನುವಾರ ಆಷಾಢ ಹುಣ್ಣಿಮೆ. ಮಂಡಿನೋವೆಂದು ಅವ್ವ ವಿಹಾರಕ್ಕೆ ಹೋಗಲಿಲ್ಲ, ಮನೆಯಲ್ಲೇ ದೀಪ ಹಚ್ಚಿದಳು. ಬುದ್ಧನ ಫೋಟೋ, ಬಾಬಾಸಾಹೇಬರ ಫೋಟೋ, ಪಕ್ಕದಲ್ಲಿ ಅವಳ ತವರಿನ ದೇವರ ಫೋಟೋ, ಮೂರರ ಮುಂದೆಯೂ ಕೂತು ನಾವಿಬ್ಬರೇ ಪಂಚಶೀಲ ಹೇಳುತ್ತಿದ್ದೆವು. ಐದನೆಯದು ಬಂದಾಗ ನನ್ನ ಬಾಯಿ ಏಳಲಿಲ್ಲ. ಅವ್ವ ಒಬ್ಬಳೇ ಹೇಳಿ ಮುಗಿಸಿದಳು. ಆಗ ಹೇಳಿದೆ. ಬಾಟಲು ನನ್ನದು, ಅಣ್ಣ ಕುಡಿದಿರಲಿಲ್ಲ ಎಂದೆ.

ಅವ್ವ ಕೂಗಾಡುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಅವಳು ದೀಪದ ಬತ್ತಿ ಸರಿಮಾಡುತ್ತಾ ಹೇಳಿದಳು:

‘ನಂಗೆ ಅವತ್ತೇ ಗೊತ್ತಿತ್ತು ಕಣವ್ವ. ಅವ್ನು ಊದ್ದ, ಬಾಯಲ್ಲಿ ಏನೂ ಇರ್ನಿಲ್ಲ. ನಿನ್ ಜೂಸ್ ಎಂಥದು ಅಂತ ನಿನ್ ಬಟ್ಟೆ ಒಗ್ಯೋಳ್ಗೆ ಗೊತ್ತಾಗಕ್ಕಿಲ್ವಾ? ಗೊತ್ತಿದ್ದೇ ಕಳ್ಸ್ದೆ. ಅವ್ನು ಒಂದ್ಸಲ ಓಗ್ಬಂದವ್ನೆ, ಇನ್ನೊಂದ್ಸಲ ಓದ್ರೆ ಬೀದಿಯೋರು ಎಲ್ಡ್ ದಿನ ಆಡ್ಕೊಂಡು ಬುಟ್ಬುಡ್ತಾರೆ. ಎಣ್ ಮಗ ಕುಡೀತದೆ ಅಂದ್ರೆ ಬುಟ್ಟಾರಾ? ನಿನ್ನ ಎಲ್ಲಿಗ್ ಕಳ್ಸ್ಲಿ ನಾನು?’

ಹಾಗೆ ಕೇಳಿದಾಗ ನನಗೆ ಸಿಟ್ಟು ಬಂತು. ಮಗ ಗೆದ್ದು ಬಂದಿದ್ದಾನೆಂದು ಅವನ ಉಸಿರಿನಿಂದಲೇ ತಿಳಿದೂ ಅವನನ್ನೇ ಸೋಲಿಸಿ ಕಳಿಸಿದೆಯಲ್ಲ ಎಂದು ಕೂಗಿದೆ. ಅವನು ನಂದೇ ಎಂದಾಗ ಅಲ್ಲ ಎನ್ನಲು ನಿನಗೆ ಬಾಯಿರಲಿಲ್ಲವಾ ಎಂದೆ. ‘ನಿಂಗಿತ್ತಾ?’ ಎಂದಳು. ರಾತ್ರಿ ಇಬ್ಬರೂ ಊಟ ಮಾಡಲಿಲ್ಲ.

ಸೋಮವಾರ ನಾನು ಕೆಲಸ ಬಿಡುತ್ತೇನೆಂದು ಯೋಗೇಂದ್ರ ಸರ್‌ಗೆ ಹೇಳಿ ಬಂದೆ. ಪ್ಯಾಕಿಂಗಿಗೆ ಹಾಕುತ್ತೇನೆ ಎಂದರು, ಬೇಡವೆಂದೆ. ಆ ದಿನ ಏನೂ ಕುಡಿಯಲಿಲ್ಲ. ಮೈಯೆಲ್ಲ ಬೆವರಿ, ಕೈ ನಡುಗಿ, ಲೋಟ ಹಿಡಿಯಲು ಆಗಲಿಲ್ಲ. ಅವ್ವ ನೋಡುತ್ತಿದ್ದಳು. ಅಪ್ಪನದನ್ನೂ ನಿನ್ನದನ್ನೂ ನೋಡಿದವಳಿಗೆ ಅದೇನೆಂದು ಯಾರೂ ಹೇಳಬೇಕಾಗಿರಲಿಲ್ಲ. ನಿನ್ನೆ ಬೆಳಿಗ್ಗೆ ತಲೆ ಬಾಚಿಕೊಂಡು, ಒಳ್ಳೆಯ ಸೀರೆ ಉಟ್ಟು, ‘ನಡಿ ದೊಡ್ಡಾಸ್ಪತ್ರೆಗೆ’ ಎಂದಳು. ಬೀದಿಯಲ್ಲಿ ಯಾರಾದರೂ ಕೇಳಿದರೆ ಮಂಡಿಗೆ ಎಂದು ಹೇಳುತ್ತಾಳೆ ಎಂದುಕೊಂಡೆ. ನಾನೂ ಅದಕ್ಕೇ ತಯಾರಾಗಿದ್ದೆ.

ಬಸ್ಸಿನಲ್ಲಿ ಕೂರಲು ಜಾಗವಿರಲಿಲ್ಲ. ಅವ್ವ ಇಬ್ಬರ ಆಧಾರ್ ಕಾರ್ಡೂ ತೋರಿಸಿ ಫ್ರೀ ಟಿಕೆಟು ತೆಗೆದುಕೊಂಡು ತಿರುಗಿದರೆ, ಎದುರು ಸೀಟಿನಲ್ಲಿ ಸರೋಜಮ್ಮ. ‘ಏನ್ ಸಾಕಮ್ಮ, ತಾಯಿ ಮಗ್ಳು ಜವ್ಳಿ ತರಕ್ಕೆ ಒಂಟ್ರಾ?’ ಎಂದು ನಕ್ಕರು. ಅವರ ಪಕ್ಕದಲ್ಲಿ, ಹಿಂದೆ, ಎಲ್ಲ ನಮ್ಮ ಬೀದಿಯವರೇ.

ಅವ್ವ ಕಂಬಿ ಹಿಡಿದುಕೊಂಡು ನಿಂತಿದ್ದಳು. ಬಿಸಿಯೂಟಕ್ಕೆ ಮಕ್ಕಳನ್ನು ಕರೆಯುವಾಗಿನ ಗಂಟಲಿನಲ್ಲಿ ಹೇಳಿದಳು. ‘ಆಸ್ಪತ್ರೆಗೆ ಕಣ್ರವ್ವ. ನನ್ ಮಗ್ಳು ಕುಡೀತಾಳೆ, ಬುಡ್ಸಕ್ಕೆ ಕರ್ಕೊಂಡೋಯ್ತಿವ್ನಿ. ಅವತ್ತು ಸಿಕ್ಕಿದ್ದು ಇವ್ಳ ಬಾಟ್ಲು. ನನ್ ಮಗ ಕುಡ್ದಿರ್ನಿಲ್ಲ. ನಾನೇ ಸುಳ್ಳೇಳಿ ಕಳ್ಸ್ಬುಟ್ಟೆ.’

ಕಂಡಕ್ಟರ್ ಟಿಕೆಟ್ ಟಿಕೆಟ್ ಎನ್ನುವುದನ್ನು ನಿಲ್ಲಿಸಿದ. ನನಗೆ ಅಲ್ಲೇ ಇಳಿದುಬಿಡೋಣ ಅನ್ನಿಸಿತು, ಆದರೆ ಅವ್ವ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದಳು. ಸರೋಜಮ್ಮ ಸಂಬಂಧದ ಮಾತು ಎತ್ತಲಿಲ್ಲ, ಇನ್ನು ಎತ್ತುವುದೂ ಇಲ್ಲ. ಇಳಿಯುವ ಮೊದಲು ಒಂದೇ ಒಂದು ಕೇಳಿದರು: ‘ಮಗ ಯಾವಾಗ್ ಬತ್ತಾನೆ?’

‘ಬಾ ಅನ್ನಕ್ಕೆ ನಂಗೆ ಮೊಕ ಇಲ್ಲ’ ಎಂದಳು ಅವ್ವ.

ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ, ವಾರ ವಾರ ಬರಬೇಕು ಎಂದಿದ್ದಾರೆ. ಕೈ ಇನ್ನೂ ನಡುಗುತ್ತದೆ, ಅಕ್ಷರ ಓದಲು ಆಗದಿದ್ದರೆ ಬೈಯಬೇಡ. ಅವ್ವ ಪಕ್ಕದಲ್ಲೇ ಕೂತಿದ್ದಾಳೆ, ಏನು ಬರೆಯುತ್ತಿದ್ದೀ ಎಂದು ಕೇಳುತ್ತಿಲ್ಲ. ನನಗೂ ಮುಖವಿಲ್ಲ ಅಣ್ಣ. ಆದರೆ ನಮ್ಮಿಬ್ಬರಲ್ಲಿ ಒಬ್ಬರು ಹೇಳಲೇಬೇಕು.

ಮನೆಗೆ ಬಾ.

ಸುಮಾ